ಕಸೀನೊ ಬಾಗಿಲಲ್ಲಿ ಎರ್ಸಿಲಿಯಾ

ಎರ್ಸಿಲಿಯಾ ಚಾಚಿದ ಗುರುತಿನ ಚೀಟಿಯನ್ನು ನೋಡದೆಯೇ ಕಸೀನೊದ ಕಾವಲುಗಾರ ಒನೊರಿನ್ ಬದಿಗೆ ಸರಿದು ದಾರಿ ಬಿಟ್ಟ. ಮೊನಾಕೊದ ಸಂತೆಯಲ್ಲಿ ಅವಳು ಸೊಪ್ಪು ತುಂಬಿ ಕರಿಯುವ ಬಾರ್ಬಜುವಾನ್ ತಿಂದು ತಿಂದೇ ಅವನ ಕೋಟಿನ ಗುಂಡಿಗಳು ಬಿಗಿದುಕೊಂಡಿದ್ದವು.

“ನಿಮ್ಮ ಚೀಟಿ ಏನಮ್ಮ ನೋಡೋದು? ನೀವು ಇಟಲಿಯವ್ರು ಅಂತ ಊರಿಗೆಲ್ಲ ಗೊತ್ತು. ಹೋಗಿ, ಒಳಗಿರೋದೆಲ್ಲ ಬಾಚ್ಕೊಂಡು ಬನ್ನಿ.”

“ನೋಡೋ ಅಂದ್ರೆ ನೋಡೋ! ಪುಕ್ಕಟೆ ತಿನ್ನೋವಾಗ ಕಣ್ಣು ಚುರುಕಾಗೇ ಇರುತ್ತಲ್ಲ!”

ಬಂದರಿನಲ್ಲಿ ಸ್ವಂತ ಹಡಗು ನಿಲ್ಲಿಸಿ ಬಂದ ಶ್ರೀಮಂತನೊಬ್ಬ ಅವಳ ಹಿಂದೆ ನಿಂತು ಗೊಣಗಿದ. ಎರ್ಸಿಲಿಯಾ ಕದಲಲಿಲ್ಲ. ಎಣ್ಣೆ ಸಿಡಿದು ಕಲೆಗಟ್ಟಿದ ಕೈಯಿಂದ ಚೀಟಿಯನ್ನು ಒನೊರಿನ್‌ನ ಮೂಗಿಗೇ ಹಿಡಿದಳು. ಆ ಚೀಟಿಗಾಗಿ ಅವಳು ಕಾದ ವರ್ಷಗಳಲ್ಲಿ, ಕಡಲಿಗೆ ಕಲ್ಲುಮಣ್ಣು ಸುರಿದು ಹೊಸ ಬಡಾವಣೆಯನ್ನೇ ಎಬ್ಬಿಸಿದ್ದರು.

ಒನೊರಿನ್ ಓದಿದ. ಇನ್ನೊಮ್ಮೆ ಓದಿದ. ಟೊಪ್ಪಿ ತೆಗೆದು ಎದೆಗೊತ್ತಿಕೊಂಡ. ಆಮೇಲೆ ಬಾಗಿಲಿಗೆ ಅಡ್ಡ ನಿಂತು, ಸಾಲಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಹೇಳಿದ: “ಕ್ಷಮಿಸ್ಬೇಕು ಅಮ್ಮಾವ್ರೇ. ಇಲ್ಲಿ ಜೂಜಾಡೋದು ಹೊರಗಿನವ್ರು ಮಾತ್ರ. ನೀವೀಗ ಮೊನಾಕೊದ ಪ್ರಜೆ. ಪ್ರಜೆಗಳನ್ನ ಒಳಗೆ ಬಿಡೋ ಹಾಗಿಲ್ಲ.”

“ಇನ್ನೊಂದ್ಸಲ ಹೇಳೋ,” ಎಂದಳು ಎರ್ಸಿಲಿಯಾ.

ಅವನು ಇನ್ನೂ ಗಟ್ಟಿಯಾಗಿ ಹೇಳಿದ. ಅವಳು ಚೀಟಿಯನ್ನು ರವಿಕೆಯೊಳಗೆ ಸೇರಿಸಿ, ಆ ಶ್ರೀಮಂತನಿಗೆ ಮನೆಯೊಡತಿಯ ಹಾಗೆ ಕೈ ಬೀಸಿ ದಾರಿ ತೋರಿಸಿದಳು.

“ನೀವು ಹೋಗಿ ಸ್ವಾಮಿ. ನಿಮ್ಮನ್ನ ಇಲ್ಲಿ ಯಾರೂ ತಡೆಯಲ್ಲ.”