ಅವ್ವನ ಹಣೆಗಿಟ್ಟ ಕುಂಕುಮ

ಪೆದ್ದರಿಗೆ ಪದಕ ಕೊಡುವುದಾದರೆ ಮೊದಲನೆಯದು ನನಗೇ ಬರಬೇಕು. ಪಿಂಚಣಿ ಕೇಳಲು ಹೊರಟಿದ್ದ ವಿಧವೆ ಅವ್ವನ ಹಣೆಗೆ ಕುಂಕುಮ ಹಚ್ಚಿದವನು ನಾನು. ಈಗಲೂ ಕುಂಕುಮದ ವಾಸನೆ ಬಂದರೆ ಆ ಮಧ್ಯಾಹ್ನ ಮೂಗಿಗೆ ಅಡರುತ್ತದೆ.

ಸೈನಿಕನಾಗಿದ್ದ ಅಪ್ಪ ಎಪ್ಪತ್ತೊಂದರ ಯುದ್ಧದಲ್ಲಿ ಸತ್ತಿದ್ದ; ನನಗಾಗ ಆರು ವರ್ಷ. ಕುರುಗೋಡಿನಿಂದ ಬಳ್ಳಾರಿಗೆ ಹೋಗುವ ಬಸ್ಸಿನಲ್ಲಿ ಅವ್ವ ತೂಕಡಿಸುತ್ತಿದ್ದಳು. ಸಾಹೇಬರ ಮುಂದೆ ಚೆಂದ ಕಾಣಲಿ ಎಂದು, ಗುಡಿಯಲ್ಲಿ ಕೊಟ್ಟಿದ್ದ ಕುಂಕುಮವನ್ನು ಜೇಬಿನಿಂದ ತೆಗೆದು ಅವಳಿಗೆ ರೂಪಾಯಿಯಗಲ ಹಚ್ಚಿದೆ. ಅವಳಿಗೆ ಎಚ್ಚರವಾಗಲಿಲ್ಲ.

ಕಚೇರಿಯ ಗುಮಾಸ್ತ ಕಾಗದ ಬಿಟ್ಟು ಅವಳ ಹಣೆ ನೋಡಿದ. “ಏನಬೇ, ಹೊಸ ಗಂಡ ಸಿಕ್ಕಾನೇನು? ಮತ್ತೊಂದು ಮದುವಿಯಾದ್ರ ಪಿಂಚಣಿ ಬಂದ್!”

ಸಾಲಿನಲ್ಲಿದ್ದವರೆಲ್ಲ ನಕ್ಕರು. ನನ್ನ ಕೈಚಳಕ ಮೆಚ್ಚಿದರೆಂದು ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. “ನಾನಽ ಹಚ್ಚೀನ್ರೀ!” ಎಂದೆ.

“ಹುಡುಗಗ ಚಲೋ ಕಲಿಸಿ ಕರಕೊಂಡು ಬಂದೀಯವ್ವ,” ಎಂದ ಗುಮಾಸ್ತ, ‘ವಿಚಾರಣೆ ಆಗಲಿ’ ಎಂದು ಬರೆದು ಕಡತ ಕಟ್ಟಿಟ್ಟ.

ಅವ್ವ ಸೆರಗಿನಿಂದ ಹಣೆ ತಿಕ್ಕಿದಳು. ಚರ್ಮ ಸುಲಿದಂತಾಯಿತೇ ಹೊರತು ಕೆಂಪು ಹೋಗಲಿಲ್ಲ.

ಹೊರಗೆ ಬೇವಿನ ಗಿಡದ ಕೆಳಗೆ ನನ್ನ ಬೆರಳು ಒರೆಸುತ್ತ ಹೇಳಿದಳು: “ನಿಮ್ಮಪ್ಪ ಸತ್ತಾಗ ಮಂದಿ ಬಂದು ಒರೆಸಿದ್ರಪ್ಪಾ. ಇವತ್ತು ನನ್ನ ಕೈಲೆ ನಾನಽ ಒರೆಸಿಕೊಂಡೆ.”