ರುಚಿ ನೋಡಿದವರು

ಮಧ್ವೇಶರಾಯರು ದೊಡ್ಡಪತ್ರೆಯ ಎಲೆಯನ್ನು ಎರಡೂ ಅಂಗೈಗಳ ನಡುವೆ ತಟ್ಟಿ, ಅಳಿಯ ತನಗೆಂದು ತಂದುಕೊಂಡ ವಿಸ್ಕಿಯ ಗ್ಲಾಸಿಗೆ ಹಾಕಿದರು. ನಿಂಬೆರಸ, ಜೇನು, ಲಾವಂಚ ನೆನೆಸಿದ ನೀರು ಆಗಲೇ ಬೆರೆತಿದ್ದವು. ಕೂಲರಿನ ಗಾಳಿಗೆ ಅದರ ವಾಸನೆ ನಾಗಪುರದ ಧರಮಪೇಠದ ಆ ಪುಟ್ಟ ಮನೆಯನ್ನೆಲ್ಲ ತುಂಬಿತು.

"ರುಚಿ ನೋಡಿ ಮಾವ," ಎಂದು ಗಗನ್ ಒಂದು ಚಮಚ ತುಂಬಿ ಮುಂದೆ ಹಿಡಿದ. ಮದುವೆಯಾಗಿ ಇನ್ನೂ ಹೊಸತು. ಮಾವ ಕುಡಿತ ಬಿಡಲು ಪಟ್ಟ ಪಾಡು ಅವನಿಗೆ ಗೊತ್ತಿರಲಿಲ್ಲ.

"ನಮ್ಮವ್ವ ನೈವೇದ್ಯದ ಅಡಿಗಿ ರುಚಿ ನೋಡದೇ ಮಾಡ್ತಿದ್ದಳು. ವಾಸನಿ ಮ್ಯಾಲೇ ಬರೋಬರ್ ತಿಳೀತದ," ಎಂದು ರಾಯರು ನಕ್ಕರು.

"ಇದೇನು ನೈವೇದ್ಯ ಅಲ್ವಲ್ಲ. ಒಂದೇ ಚಮಚ."

ರಾಯರ ಕೈ ಚಮಚದ ಕಡೆ ಹೊರಟು, ನಡುವೆಯೇ ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ಹಪ್ಪಳದ ತಟ್ಟೆ ಹಿಡಿದು ನಿಂತಿದ್ದ ಹೆಂಡತಿ ಜಯಾಬಾಯಿ ಅದನ್ನು ನೋಡಿದರು. ಗಂಡ ಕುಡಿದಿಟ್ಟ ಗ್ಲಾಸನ್ನು ಆಗೆಲ್ಲ ಅವರು ಕೈಯಲ್ಲಿ ಮುಟ್ಟದೆ ಇಕ್ಕಳದಲ್ಲಿ ಎತ್ತಿ ತೊಳೆಯಲು ಹಾಕುತ್ತಿದ್ದರು.

ಅವರು ತಟ್ಟೆ ಕೆಳಗಿಟ್ಟು ಬಂದು, ಅಳಿಯನ ಕೈಯಿಂದ ಚಮಚ ತೆಗೆದುಕೊಂಡು ತಮ್ಮ ಬಾಯಿಗಿಟ್ಟುಕೊಂಡರು. ಗಂಟಲು ಉರಿದರೂ ಮುಖ ಕಿವುಚಲಿಲ್ಲ.

"ಲಿಂಬಿ ಸ್ವಲ್ಪ ಕಡಿಮಿ ಆಗೇದ, ನೋಡ್ರಿ," ಎಂದರು ಗಂಡನಿಗೆ.