ಮೊಟ್ಟೆ ಗಾಡಿಯ ಬ್ರೇಕು

ಕಾರಿನ ಎಡಗಡೆ ಸೀಟಿನ ಮುಂದೆ ಕಾಲಡಿಗೆ ಹಾಸಿದ ಮ್ಯಾಟೇ ಯಾಕೆ ಹೆಚ್ಚು ಸವೆದಿದೆ ಎಂದು ಮೆಹನಾಜ ಯಾರನ್ನೂ ಕೇಳಲಿಲ್ಲ. ಕೇಳುವುದು ಅವಳ ಅಭ್ಯಾಸವಲ್ಲ. ನೋಡುವುದು ಅಭ್ಯಾಸ.

ತಮ್ಮ ಅಸದನಿಗೆ ಮ್ಯಾಟು ಕಾಣಲೇ ಇಲ್ಲ. ಸುರಪುರದ ಆ ತಗಡಿನ ಶೆಡ್ಡಿನಲ್ಲಿ ಅವನಿಗೆ ಕಂಡದ್ದು ಒಂದೇ. ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗಿಸಿ ಕೂತಂತಿದ್ದ ಕೆಂಪು ಸ್ಪೋರ್ಟ್ಸ್ ಕಾರು.

"ಒಂದು ಲಕ್ಷ ಎಂಬತ್ತು ಸಾವಿರ ಕಿಲೋಮೀಟರ್ ಓಡ್ಯದಲ್ರಿ ಕಾಕಾ?" ಬಾನೆಟ್ಟು ಸವರುತ್ತಲೇ ಕೇಳಿದ.

"ಎಲ್ಲಾ ಇದೇ ಊರಾಗ ತಿರುಗಿದ್ದೇ ತಮ್ಮಾ. ಜೋರ್ ಓಡಿದ್ದೇ ಇಲ್ಲ," ಎಂದ ಮಾರಲು ಕೂತಿದ್ದ ಚನ್ನಯ್ಯ. "ಕುದುರಿ ತಂದು ಗಾಣಕ್ಕ ಹೂಡಿದಂಗ ಆಗಿತ್ತು ಇದರ ಬಾಳೇವು."

ಅಸದ ನಕ್ಕ. ಮೆಹನಾಜ ಶೆಡ್ಡಿನ ಸುತ್ತ ಕಣ್ಣಾಡಿಸಿದಳು. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಇಟ್ಟ ದೊಡ್ಡ ಬೋರ್ಡು. ಮೊಳೆಗೆ ನೇತುಹಾಕಿದ, ಗ್ರೀಸು ಮೆತ್ತಿದ ಕೇಬಲ್ಲಿನ ಸುರುಳಿ. ಕಾರಿನ ಹಿಂದಿನ ಗಾಜಿನ ಮೇಲೆ, ಕೆರೆದು ತೆಗೆದ ಯಾವುದೋ ಅಕ್ಷರದ ಕೆಂಪು ಅಂಟು.

"ನಿಮ್ಮ ಅಕ್ಕಾರು ಮಾತಾಡಂಗಿಲ್ಲೇನು?"

"ಆಪಾ ವರ್ಷಕ್ಕೊಮ್ಮೆ ಮಾತಾಡ್ತಾಳ್ರಿ. ಇವತ್ತು ಅದೇ ದಿನ. ಆಪಾ ಹೂಂ ಅಂದ್ರ ಗಾಡಿ, ಇಲ್ಲಂದ್ರ ಇಲ್ಲ ಅಂತ ನಮ್ಮ ಅಮ್ಮಿ ಹೇಳಿ ಕಳಿಸ್ಯಾಳ."

ಅಸದನಿಗೆ ಅದು ತಮಾಷೆ. ಅವರ ತಾಯಿಗೆ ಅಲ್ಲ. ಹೋದ ವರ್ಷ ಹಿರಿಯ ಮಗ ಯೂನುಸ ತೀರಿಕೊಂಡಿದ್ದ. ಯೂನುಸ ಯಾದಗಿರಿಯಿಂದ ಶಹಾಪುರಕ್ಕೆ, ಸುರಪುರಕ್ಕೆ ಮೊಟ್ಟೆ ಗಾಡಿ ಓಡಿಸುತ್ತಿದ್ದ. ಮೊಟ್ಟೆ ಹೇರಿದವನ ಬ್ರೇಕೇ ಬೇರೆ. ಎರಡು ಸಲ ಮೆಲ್ಲಗೆ, ಮೂರನೆಯದಕ್ಕೆ ಪೂರ್ತಿ. ಶಹಾಪುರದ ರಸ್ತೆಯ ಬದಿಯ ದರ್ಗಾದ ಮುಂದೆ ಪ್ರತಿ ಸಲವೂ ಹಾಗೇ ನಿಲ್ಲಿಸಿ, ಹಣೆಗೆ ಕೈ ಮುಟ್ಟಿಸಿ, ಆಮೇಲೆ ಮುಂದೆ ಹೋಗುತ್ತಿದ್ದ. ಅಷ್ಟು ನಿಧಾನದ ಮನುಷ್ಯ. ಗೆಳೆಯನ ಬೈಕಿನ ಹಿಂದೆ ಕೂತು, ಗೆಳೆಯನ ಜೋರಿಗೆ ಸತ್ತ.

ಮೆಹನಾಜ ಬೇಡ ಅನ್ನಬಹುದಿತ್ತು. ಆದರೆ ಅಸದ ನಾಳೆ ಇನ್ನೊಂದು ಗಾಡಿ ಹುಡುಕುತ್ತಾನೆ. ನಾಡಿದ್ದು ಮತ್ತೊಂದು. ಬೇಡ ಎಂಬ ಮಾತು ಅವನ ಬಾಯಿಂದಲೇ ಬರಬೇಕಿತ್ತು.

"ಒಂದು ಸುತ್ತು ಹೋಗಿ ಬರ್ರಿ. ನಿಮ್ಮ ಬೈಕಿನ ಚಾವಿ ನನ್ನ ಹತ್ರ ಇರ್ಲಿ," ಎಂದ ಚನ್ನಯ್ಯ.

ಶಹಾಪುರದ ರಸ್ತೆ ಖಾಲಿಯಿತ್ತು. ಎರಡೂ ಬದಿಗೆ ಹತ್ತಿ ಹೊಲ. ಅಸದ ಗೇರು ಏರಿಸಿದ. ಎದೆ ನಡುಗುವ ಹಾಗೆ ಕಾರು ಗುಡುಗಿತು. ಮುಳ್ಳಿನ ಬೇಲಿಗಳು ಒಂದೇ ಗೀರಾಗಿ ಹಿಂದೆ ಹೋದವು. ದೂರದಲ್ಲಿ ದರ್ಗಾದ ಕಂಬದ ಮೇಲೆ ಹಸಿರು ನಿಶಾನಿ ಹಾರುವುದು ಕಂಡಿತು.

"ಅಸದ, ಸಲಾಮ್," ಎಂದಳು.

"ಹೋಗ್ತಾ ಹೋಗ್ತಾ ಮಾಡ್ತೀನಿ ಆಪಾ. ಇದು ನಿಲ್ಲೋ ಗಾಡಿ ಅಲ್ಲ!"

ಮೆಹನಾಜ ಸೀಟಿಗೆ ಒರಗಿ ಕಾಲು ಚಾಚಿದಳು.

ಕಾರು ಒಮ್ಮೆ ಮೆಲ್ಲಗೆ ತಡೆಯಿತು. ಮತ್ತೊಮ್ಮೆ. ಆಮೇಲೆ ಪೂರ್ತಿ ನಿಂತಿತು. ಎಂಜಿನ್ನು ಬಂದಾಯಿತು. ಎಡಗಡೆ ಕಿಟಕಿಯ ನೇರಕ್ಕೆ ಹಸಿರು ನಿಶಾನಿ ಆಡುತ್ತಿತ್ತು.

ಅಸದ ತನ್ನ ಕಾಲುಗಳನ್ನು ನೋಡಿಕೊಂಡ. ಬಲಗಾಲು ಇನ್ನೂ ಆ್ಯಕ್ಸಿಲೇಟರಿನ ಮೇಲೇ ಇತ್ತು.

"ನಾ ಬ್ರೇಕ್ ತುಳಿದಿಲ್ಲ ಆಪಾ."

ಅವಳು ನಿಶಾನಿಯ ಕಡೆ ನೋಡಿದಳು.

"ಖರೇನೇ ತುಳಿದಿಲ್ಲ. ಹಿಂಗ ನಿಲ್ಲಸ್ತಿದ್ದಾಂವ..." ಅವನ ಕೈ ತಾನಾಗಿ ಹಣೆಗೆ ಹೋಯಿತು.

ಸುರಪುರದವರೆಗೂ ಎರಡನೇ ಗೇರಿನಲ್ಲೇ ಬಂದರು. ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ಮುಂದೆ ಹೋದ.

"ಬ್ಯಾಡ್ರಿ ಕಾಕಾ," ಅಸದ ಕಾರಿನ ಚಾವಿ ಚಾಚಿದ. "ಇದೊಂದೇ ಅಲ್ಲ. ಯಾವ ಗಾಡೀನೂ ಬ್ಯಾಡ."

"ಯಾಕ ತಮ್ಮಾ, ಏನರ ಆವಾಜ ಬಂತೇನು?"

ಅಸದ ಬೈಕಿನ ಚಾವಿ ಇಸಿದುಕೊಂಡು, ಮುಖ ತೊಳೆಯಲು ಎದುರಿನ ಚಹಾದಂಗಡಿಗೆ ಹೋದ.

ಮೆಹನಾಜ ಇನ್ನೂ ಇಳಿದಿರಲಿಲ್ಲ. ಅವಳ ಎಡಗಾಲಿನ ಚಪ್ಪಲಿ ಸಿಕ್ಕಿಕೊಂಡಿತ್ತು. ಬಗ್ಗಿ, ಮ್ಯಾಟಿನ ಅಂಚು ಎತ್ತಿ, ಅದನ್ನು ಬಿಡಿಸಿಕೊಂಡಳು. ಅಲ್ಲಿದ್ದದ್ದು ಒಂದು ಸಣ್ಣ ಕಬ್ಬಿಣದ ಪೆಡಲು. ಹತ್ತುವ ಮೊದಲೇ ಅದನ್ನು ನೋಡಿದ್ದಳು. ಹಿಂದಿನ ಗಾಜಿನ ಅಂಟಿನಲ್ಲಿ, ಗಾಡಿ ಕಲಿಯುವವರು ಹಚ್ಚುವ 'ಎಲ್' ಅಕ್ಷರವನ್ನೂ ಓದಿದ್ದಳು. ಗಾಡಿ ಕಲಿಸುವ ಉಸ್ತಾದ ಎಡಗಡೆ ಕೂತು ತುಳಿಯುವ ಬ್ರೇಕು ಅದು. ದರ್ಗಾದ ಹತ್ತಿರ, ತಮ್ಮನ ಕಣ್ಣು ರಸ್ತೆಯ ಮೇಲಿದ್ದಾಗ, ತುಳಿದಿದ್ದಳು.

ಸತ್ತ ಅಣ್ಣನ ಹೆಸರಿನಲ್ಲಿ ಹೆದರಿಸಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಆದರೂ ಎದೆ ಹಗುರಾಗಿತ್ತು. ಒಂದೇ ಒಂದು ಸಂಗತಿ ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಅವಳು ತುಳಿದದ್ದು ಒಂದೇ ಸಲ. ಅದೂ ಪೆಡಲು ಹತ್ತಿಯ ರಾಶಿಯ ಮೇಲೆ ಕಾಲಿಟ್ಟ ಹಾಗೆ ಒಳಗೆ ಹೋಗಿತ್ತು. ಗಾಡಿ ಹಳೆಯದಲ್ಲವೇ, ಎಂದುಕೊಂಡಳು.

ಇಳಿದು, ಸೆರಗು ತಲೆಗೆ ಎಳೆದುಕೊಂಡು, ಚನ್ನಯ್ಯನ ಹತ್ತಿರ ಬಂದಳು.

"ಕಾಕಾ, ಇದು ಡ್ರೈವಿಂಗ್ ಸ್ಕೂಲಿನ ಗಾಡಿ ಹೌದಲ್ರಿ? ಉಸ್ತಾದನ ಬ್ರೇಕ್ ಇನ್ನೂ ಹಂಗೇ ಅದ. ಕಿತ್ತಿಬಿಡ್ರಿ. ಮುಂದ ತಗೊಳ್ಳೋರು ಹೆದರ್ತಾರ."

ಚನ್ನಯ್ಯ ಸಿಕ್ಕಿಬಿದ್ದವನ ಹಾಗೆ ನಕ್ಕ. "ವರ್ಷಕ್ಕೊಂದು ಮಾತಾಡಿದ್ರೂ ಗಂಟಲಿಗೇ ಕೈ ಹಾಕ್ತೀ ನೋಡು ಯವ್ವಾ." ಆಮೇಲೆ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಸುರುಳಿಯ ಕಡೆ ಗದ್ದ ತೋರಿಸಿದ.

"ಪೆಡಲ್ ಕಿತ್ತಿದ್ರ ತಳಕ್ಕ ತೂತು ಬೀಳ್ತದಂತ ಬಿಟ್ಟೀನಿ, ಅಷ್ಟೇ. ಅದರ ಕೇಬಲ್ ಸ್ಕೂಲ್ ಬಂದ್ ಮಾಡಿದ ದಿನಾನೇ ಬಿಚ್ಚಿ ಅಲ್ಲಿ ಹಾಕೀನಿ."